ಧನುರ್ಮಾಸದ ಖಾಲಿ ಛತ್ರದಲ್ಲಿ ಕರಕುಶಲ ಸಂತೆ

ಕೈಯಲ್ಲಿ ಕಸುಬಿದೆ, ಕೂತು ಮಾರಲು ಜಾಗವಿಲ್ಲ. ಬೆಂಗಳೂರಿನಲ್ಲಿ ಇಂಥ ಹೊಸಬರು ತುಂಬಾ ಮಂದಿ ಇದ್ದಾರೆ. ದೊಡ್ಡ ಮೇಳಗಳ ಮಳಿಗೆ ಬಾಡಿಗೆ ಅವರಿಗೆ ಎಟುಕುವುದಿಲ್ಲ. ಇಪ್ಪತ್ತು ಜನ ಕೂಡಿದರೆ ನಿಮ್ಮ ಬಡಾವಣೆಯಲ್ಲೇ ಒಂದು ದಿನದ ಸಂತೆ ಮಾಡಬಹುದು.

ಮೊದಲು ದಿನ ಗೊತ್ತುಮಾಡಿ. ನಮ್ಮ ಮೊದಲ ಸಂತೆ ಅಕ್ಟೋಬರ್‌ನಲ್ಲಿ, ಬಯಲಿನಲ್ಲಿ. ಸಂಜೆ ನಾಲ್ಕಕ್ಕೆ ಮಳೆ ಹಿಡಿಯಿತು. ಶಾಮಿಯಾನ ನೀರು ತುಂಬಿ ಜೋತುಬಿತ್ತು. ಒಬ್ಬ ಹುಡುಗಿ ತಾನು ಬರೆದ ಚಿತ್ರಗಳನ್ನೆಲ್ಲ ದುಪ್ಪಟ್ಟಾದಲ್ಲಿ ಸುತ್ತಿ ಎದೆಗವಚಿಕೊಂಡು ನಿಂತಿದ್ದಳು. ಅವತ್ತಿನಿಂದ ನಾನು ಸೂರಿರುವ ಜಾಗವನ್ನೇ ಹುಡುಕುವುದು.

ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆಗಳಿರುವುದಿಲ್ಲ, ಛತ್ರಗಳು ಖಾಲಿ. ಬಾಡಿಗೆ ಚೌಕಾಸಿಗೆ ಒಳ್ಳೆಯ ಕಾಲ. ಮೇಜು, ಕುರ್ಚಿ, ಫ್ಯಾನು, ಶೌಚಾಲಯ ಅಲ್ಲೇ ಸಿಗುತ್ತವೆ. ಕರೆಂಟು, ಕ್ಲೀನಿಂಗ್, ಜನರೇಟರ್‌ಗೆ ಬೇರೆ ದುಡ್ಡೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ, ರಸೀದಿ ಪಡೆಯಿರಿ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಅವತ್ತು ಮಾತ್ರ ಬೇಡ, ಕೊಳ್ಳುವವರೆಲ್ಲ ಕುಮಾರಕೃಪಾ ರಸ್ತೆಯಲ್ಲಿರುತ್ತಾರೆ. ನಿಮ್ಮದನ್ನು ಮುಂದಿನ ವಾರಕ್ಕಿಟ್ಟು, ಅಲ್ಲಿಗೆ ಬಂದವರಿಗೆ ಚೀಟಿ ಹಂಚಿ.

ಇನ್ನು ಲೆಕ್ಕ. ಎಲ್ಲ ಖರ್ಚು ಸೇರಿ 30,000 ರೂಪಾಯಿ, 25 ಮೇಜು ಎಂದುಕೊಳ್ಳಿ. ಮೇಜಿಗೆ 1,200 ಬೀಳುತ್ತದೆ. ವಿದ್ಯಾರ್ಥಿಗಳಿಬ್ಬರು ಒಂದೇ ಮೇಜು ಹಂಚಿಕೊಳ್ಳಲಿ. ಬಾಡಿಗೆಯ ಮೇಲೆ ಮಾರಾಟದಲ್ಲೂ ಪಾಲು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಸಲ ಮಾರುವವರಿಗೆ ನಾಲ್ಕು ಕಾಸು ಉಳಿಯಬೇಕು, ಅಲ್ವಾ?

ಯಾರನ್ನು ಸೇರಿಸಿಕೊಳ್ಳಬೇಕು? ಇದರಲ್ಲಿ ಮಾತ್ರ ಗಟ್ಟಿಯಾಗಿರಿ. ಫೋಟೊ ನೋಡಿ ಒಪ್ಪಬೇಡಿ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ. ‘ಇದನ್ನು ಹೇಗೆ ಮಾಡಿದಿರಿ?’ ಎಂದು ಕೇಳಿ. ಸಗಟಿನಲ್ಲಿ ತಂದು ಮಾರುವವರು ಅಲ್ಲೇ ತಡವರಿಸುತ್ತಾರೆ. ಮಾಡಿದವರು ಹೇಳುತ್ತಾ ಹೋದರೆ ನಿಲ್ಲಿಸುವುದೇ ಇಲ್ಲ.

ಕೂತಲ್ಲೇ ಕೆಲಸ ಮಾಡಿ ತೋರಿಸುವವರು ಒಬ್ಬರಾದರೂ ಇರಲಿ. ಚನ್ನಪಟ್ಟಣದ ಗೊಂಬೆ ಮಾಡುವವರನ್ನು ನೋಡಿದ್ದೀರಾ? ಗರಗರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಒಣ ಎಲೆ ಹಿಡಿದರೆ ಹೊಳಪು ಬರುತ್ತದೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಆ ಯಂತ್ರಕ್ಕೆ ಬೇರೆ ಪ್ಲಗ್ ಪಾಯಿಂಟ್ ಬೇಕು, ಮರದ ಪುಡಿ ಹಾರುವುದರಿಂದ ಬಾಗಿಲ ಬಳಿಯ ಜಾಗ ಕೊಡಿ.

ಹಿಂದಿನ ದಿನ ಪ್ರತಿ ಮೇಜನ್ನೂ ಅಲ್ಲಾಡಿಸಿ ನೋಡಿ. ಕಾಲು ಕುಂಟುವ ಮೇಜಿಗೆ ಮಡಚಿದ ರಟ್ಟು ಕೊಡಿ, ಮಣ್ಣಿನ ಬಟ್ಟಲುಗಳು ಉಳಿಯುತ್ತವೆ. ಒಳಗೆ ನೆಟ್‌ವರ್ಕ್ ಸಿಗುತ್ತದೆಯೇ ಎಂದು ಒಂದು ರೂಪಾಯಿ ಕಳಿಸಿ ಪರೀಕ್ಷಿಸಿ. ಹತ್ತು, ಇಪ್ಪತ್ತರ ಚಿಲ್ಲರೆಯೂ ಇರಲಿ. ಪ್ಲಾಸ್ಟಿಕ್ ಕವರ್ ನಿಷೇಧವಿದೆ, ಪೇಪರ್ ಕವರ್ ತನ್ನಿ.

ಎಲ್ಲದರ ಮೇಲೂ ಬೆಲೆ ಬರೆಸಿ. ಹೊಸಬರಿಗೆ ಬೆಲೆ ಹೇಳಲು ನಾಚಿಕೆ. ಗಿರಾಕಿ ಹುಬ್ಬು ಏರಿಸಿದರೆ ಸಾಕು, ಐನೂರರದ್ದನ್ನು ಮುನ್ನೂರಕ್ಕೆ ಕೊಟ್ಟುಬಿಡುತ್ತಾರೆ. ಚೀಟಿಯಲ್ಲಿ ಬೆಲೆಯ ಕೆಳಗೆ ‘ಎರಡು ದಿನದ ಕೆಲಸ’ ಎಂದೂ ಬರೆಸಿ ನೋಡಿ. ಚೌಕಾಸಿ ಕಡಿಮೆಯಾಗುತ್ತದೆ.

ಸಂಜೆ ಮೇಜು ಮಡಚುವ ಮೊದಲು ಎಲ್ಲರನ್ನೂ ಕೂರಿಸಿ ಖರ್ಚಿನ ಲೆಕ್ಕವನ್ನು ಜೋರಾಗಿ ಓದಿ. ಉಳಿದ ಹಣವನ್ನು ಅಲ್ಲೇ ಸಮನಾಗಿ ಹಂಚಿ, ಕಾಫಿ ತರಿಸಿ.