ಮುಹೂರ್ತ ಇದೆ, ಹದ ಇಲ್ಲ: ಗ್ರೀಕಿನ ಸಮಯದ ಪದಗಳ ಜೊತೆ ನನ್ನ ಅನುಭವ

ಹಳೆಯ ಗ್ರೀಸಿನ ವೈದ್ಯ ಹಿಪ್ಪಾಕ್ರಟೀಸ್‌ನ ಹೆಸರಲ್ಲಿ ಬಂದಿರುವ ವೈದ್ಯಸೂತ್ರಗಳ ಮೊದಲ ಸಾಲನ್ನು ನಾನು ಕನ್ನಡಕ್ಕೆ ತಂದಾಗ ಅದು ಹೀಗಿತ್ತು: ‘ಬದುಕು ಚಿಕ್ಕದು, ಕಲೆ ದೊಡ್ಡದು, ಅವಕಾಶ ಕ್ಷಣಿಕ, ಪ್ರಯೋಗ ಅಪಾಯಕರ, ನಿರ್ಧಾರ ಕಠಿಣ.’

ಓದಿದ ಗೆಳೆಯ ಹೇಳಿದ, ‘ಎಲ್ಲಾ ಸರಿ ಕಣೋ, ಆ ಮೂರನೇದು ಮಾತ್ರ ಕೋಚಿಂಗ್ ಸೆಂಟರ್ ಗೋಡೆ ಮೇಲೆ ಬರೆದ ಹಾಗಿದೆ.’

ಕೋಪ ಬಂತು. ಆದರೆ ಅವನ ಮಾತು ನಿಜ. ಮೂಲದಲ್ಲಿ ಇರುವುದು ಎರಡೇ ಪದ. ‘ಕೈರೊಸ್ ಒಕ್ಸುಸ್’. ‘ಕೈರೊಸ್’ ಅಂದರೆ ತಕ್ಕ ಸಮಯ ಅಂದುಕೊಂಡು ‘ಅವಕಾಶ’ ಅಂತ ಬರೆದಿದ್ದೆ. ‘ಒಕ್ಸುಸ್’ ಅಂದರೆ ಚೂಪು, ಹರಿತ. ಬೇಗ ಅನ್ನುವ ಅರ್ಥವೂ ಇದೆ, ಆದರೆ ಅದು ಹರಿತದಿಂದ ಹುಟ್ಟಿದ್ದು. ಕತ್ತಿಗೆ ಹೇಳುವ ಮಾತನ್ನು ಆ ವೈದ್ಯ ಸಮಯಕ್ಕೆ ಹೇಳಿದ್ದಾನೆ. ನಾನು ಅಲಗನ್ನು ಉಜ್ಜಿ ಮೊಂಡು ಮಾಡಿ ‘ಕ್ಷಣಿಕ’ ಅಂತ ಬರೆದಿದ್ದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಹಳೆಯ ಗ್ರೀಕ್ ಕಲಿತದ್ದು ಸುಮ್ನೆ ಹುಚ್ಚಿಗೆ, ಬೆಳಗಿನ ಒಂದು ಗಂಟೆಯಲ್ಲಿ. ಗುರುಗಳಿಲ್ಲ. ಪುಸ್ತಕ, ನಿಘಂಟು, ಒಂದು ನೋಟ್‌ಬುಕ್, ಅಷ್ಟೇ. ಆ ದಿನದಿಂದ ನೋಟ್‌ಬುಕ್ ಇಡುವ ರೀತಿ ಬದಲಾಯಿಸಿದೆ. ಮೊದಲು ಒಂದು ಗ್ರೀಕ್ ಪದ, ಎದುರಿಗೆ ಒಂದು ಕನ್ನಡ ಪದ ಅಂತ ಬರೆಯುತ್ತಿದ್ದೆ. ಅದನ್ನು ಬಿಟ್ಟೆ. ಪದಕ್ಕೆ ಒಂದು ಪುಟ. ಅಲ್ಲಿ ಅರ್ಥ ಬರೆಯುವ ಹಾಗಿಲ್ಲ. ಓದುವಾಗ ಸಿಕ್ಕ ವಾಕ್ಯ ಮಾತ್ರ ಬರೆಯಬೇಕು, ಮತ್ತು ಅಲ್ಲಿ ಏನು ನಡೆಯುತ್ತಿತ್ತು ಅಂತ ಒಂದು ಸಾಲು. ಕನಿಷ್ಠ ಐದು ವಾಕ್ಯ ಆಗುವವರೆಗೆ ಕನ್ನಡ ಪದ ಹುಡುಕುವುದಿಲ್ಲ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ.

ಕೈರೊಸ್ ಪುಟದ ಮೊದಲ ವಾಕ್ಯವೇ ನನ್ನನ್ನು ಬೀಳಿಸಿತು. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಹಾಡಿದ ಮಹಾಕಾವ್ಯ ಇಲಿಯಡ್‌ನ ನಾಲ್ಕನೇ ಭಾಗ. ಟ್ರಾಯ್ ಕಡೆಯ ಪಾಂಡರಸ್ ಬಿಟ್ಟ ಬಾಣ ಗ್ರೀಕರ ಕಡೆಯ ಮೆನೆಲಾಸ್‌ಗೆ ತಗುಲುತ್ತದೆ. ಮಲಗಿದ ಮಗುವಿನ ಮೇಲಿಂದ ತಾಯಿ ನೊಣ ಓಡಿಸುವ ಹಾಗೆ ಅಥೀನಾ ದೇವಿ ಆ ಬಾಣವನ್ನು ಪಕ್ಕಕ್ಕೆ ಸರಿಸಿದ್ದಾಳೆ. ರಕ್ತ ಕಂಡ ಅಣ್ಣ ಆಗಮೆಮ್ನಾನ್ ಗಾಬರಿಯಾಗುತ್ತಾನೆ. ಆಗ ಮೆನೆಲಾಸ್ ಸಮಾಧಾನ ಹೇಳುತ್ತಾನೆ: ಬಾಣ ನೆಟ್ಟಿದೆ, ಆದರೆ ‘ಕೈರಿಒನ್’ನಲ್ಲಿ ಅಲ್ಲ. ನಾನು ಜಾಣನ ಹಾಗೆ ‘ಬಾಣ ಸರಿಯಾದ ಸಮಯಕ್ಕೆ ತಗುಲಿಲ್ಲ’ ಅಂತ ಬರೆದುಕೊಂಡೆ. ಬಾಣ ತಗುಲಿಸಿಕೊಂಡವನು ಯಾಕೆ ಹಾಗೆ ಹೇಳುತ್ತಾನೆ? ಸ್ವಲ್ಪ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಅಂತಲೇ? ಎರಡು ದಿನ ಆ ವಾಕ್ಯ ಹಾಗೇ ಇತ್ತು. ಎಂಟನೇ ಭಾಗಕ್ಕೆ ಬಂದಾಗ ಬೆಳಕಾಯಿತು. ಅಲ್ಲಿ ನೆಸ್ಟರ್‌ನ ಕುದುರೆಗೆ ನೆತ್ತಿಯ ಮೇಲೆ, ಜೂಲಿನ ಕೂದಲು ಶುರುವಾಗುವ ಕಡೆ ಬಾಣ ಬೀಳುತ್ತದೆ. ಅದು ಎಲ್ಲಕ್ಕಿಂತ ‘ಕೈರಿಒನ್’ ಜಾಗ ಅನ್ನುತ್ತಾನೆ ಹೋಮರ್.

ಅಂದರೆ ಇದು ಸಮಯವೇ ಅಲ್ಲ. ಮರ್ಮ. ನಮ್ಮಲ್ಲಿ ‘ಪೆಟ್ಟು ಆಯದ ಜಾಗಕ್ಕೆ ಬಿತ್ತು’ ಅನ್ನುತ್ತಾರಲ್ಲ, ಆ ಆಯ.

ಇನ್ನೂ ಒಂದು ವಿಷಯ ಆಮೇಲೆ ತಿಳಿಯಿತು. ಹೋಮರ್‌ನಲ್ಲಿ ‘ಕೈರಿಒಸ್’ ಎಂಬ ವಿಶೇಷಣ ಮಾತ್ರ ಇದೆ. ‘ಕೈರೊಸ್’ ಎಂಬ ಹೆಸರುಪದ ನಮಗೆ ಮೊದಲು ಸಿಗುವುದು ಹೆಸಿಯಡ್ ಎಂಬ ಕವಿಯಲ್ಲಿ. ಅಲ್ಲೂ ಗಡಿಯಾರದ ಮಾತಿಲ್ಲ. ತಮ್ಮನಿಗೆ ಬುದ್ಧಿ ಹೇಳುತ್ತಿದ್ದಾನೆ. ಇರುವುದನ್ನೆಲ್ಲ ಹಡಗಿಗೆ ತುಂಬಬೇಡ, ಹೆಚ್ಚಿನದನ್ನು ಮನೆಯಲ್ಲಿ ಬಿಟ್ಟು ಸ್ವಲ್ಪ ಹೇರು. ಗಾಡಿಗೆ ಜಾಸ್ತಿ ಹೇರಿದರೆ ಅಚ್ಚು ಮುರಿದು ಸರಕು ಹಾಳಾಗುತ್ತದೆ. ಅಳತೆ ಕಾಯ್ದುಕೋ. ಎಲ್ಲದರಲ್ಲೂ ಕೈರೊಸ್ ಮೇಲು. ಇಲ್ಲಿ ಅದು ಪ್ರಮಾಣ. ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ಸ್ಥಿತಿ.

ಜಾಗ, ಅಳತೆ, ಸಮಯ. ಮೂರನ್ನೂ ಹೊರುವ ಕನ್ನಡ ಪದ ಯಾವುದು? ಸಂದರ್ಭ, ಸುಸಮಯ, ಸಂಧಿ ಎಲ್ಲಾ ಬರೆದು ಹೊಡೆದು ಹಾಕಿದೆ. ‘ಮುಹೂರ್ತ’ ಕೆಲವು ವಾರ ಉಳಿಯಿತು. ಗತ್ತಿನ ಪದ, ನನಗೆ ಇಷ್ಟವೂ ಆಗಿತ್ತು.

ಅದನ್ನು ಕೆಡವಿದ್ದು ನಮ್ಮಪ್ಪ. ರಾಗಿ ಬಿತ್ತನೆ ದಿನಗಳು. ಭಾನುವಾರ ಫೋನ್ ಮಾಡಿ, ‘ಅಪ್ಪಾ, ಬಿತ್ತನೆ ಆಯ್ತಾ? ಇವತ್ತು ದಿನ ಚೆನ್ನಾಗಿದೆ ಅಂದಿದ್ರಲ್ಲ’ ಅಂದೆ.

‘ಮುಹೂರ್ತ ಇದೆ ಕಣಪ್ಪಾ, ಹದ ಇಲ್ಲ. ನೆಲ ಇನ್ನೂ ಕೆಸರು.’

ಅಷ್ಟು ಹೇಳಿ ಅವರು ಗೊಬ್ಬರದ ವಿಷಯಕ್ಕೆ ಹೋದರು. ನಾನು ಮಾತ್ರ ಫೋನ್ ಹಿಡಿದುಕೊಂಡೇ ನೋಟ್‌ಬುಕ್ ಹುಡುಕುತ್ತಿದ್ದೆ. ಮುಹೂರ್ತವನ್ನು ಲೆಕ್ಕ ಹಾಕಬಹುದು. ಮುಂದಿನ ವರ್ಷದ್ದನ್ನೂ ಈಗಲೇ ಅಚ್ಚು ಹಾಕಬಹುದು. ಹದವನ್ನು ಹಾಗೆ ಮಾಡಲು ಬರುವುದಿಲ್ಲ. ಹಿಡಿ ಮಣ್ಣು ತೆಗೆದು ಅದುಮಿ ನೋಡಬೇಕು. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಮುಟ್ಟಿ ನೋಡಬೇಕು. ಎರಡು ನಿಮಿಷ ಮುಂಚೆ ಅಂಟು, ಎರಡು ನಿಮಿಷ ತಡವಾದರೆ ಕಲ್ಲು. ಹದದಲ್ಲಿ ಅಳತೆಯೂ ಇದೆ, ಸಮಯವೂ ಇದೆ, ನೋಡುವ ಕೈಯೂ ಇದೆ. ಹಿಪ್ಪಾಕ್ರಟೀಸ್‌ನ ವೈದ್ಯ ರೋಗಿಯ ಹಾಸಿಗೆ ಪಕ್ಕ ನಿಂತು ಕಾಯುತ್ತಿದ್ದದ್ದು ಇದಕ್ಕೇ ಅಲ್ವಾ, ಪಂಚಾಂಗಕ್ಕಲ್ಲ.

‘ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು’ ಅಂತ ಗಾದೆಯೇ ಇದೆ. ಗಾದೆಯ ಪ್ರಕಾರ ಬಿತ್ತನೆಗೆ ‘ಬೆದೆ’ ಇನ್ನೂ ಸರಿಯಾದ ಪದ. ಹಸು ಬೆದೆಗೆ ಬರುವುದು ಕೂಡ ಒಂದು ಕೈರೊಸ್ಸೇ. ಆದರೂ ವೈದ್ಯಸೂತ್ರದಲ್ಲಿ ಅದನ್ನು ಹಾಕಿದ್ದರೆ ಗೆಳೆಯ ಮತ್ತೆ ನಗುತ್ತಿದ್ದ.

ತಮಾಷೆ ಏನೆಂದರೆ, ಪಂಚಾಂಗದಲ್ಲಿ ನಾವು ನೋಡುವ ‘ಹೋರೆ’ ಗ್ರೀಕಿನಿಂದ ಬಂದದ್ದು. ಗುರು ಹೋರೆ, ಶುಕ್ರ ಹೋರೆ ಅನ್ನುತ್ತೇವಲ್ಲ, ಆ ಸಂಸ್ಕೃತದ ‘ಹೋರಾ’ ಗ್ರೀಕಿನ ‘ಹೋರ’ವೇ. ಜ್ಯೋತಿಷದ ‘ಕೇಂದ್ರ’ವೂ ಅವರ ‘ಕೆಂಟ್ರೊನ್’. ಆದರೆ ಹೆಸಿಯಡ್‌ನ ಕಾಲದ ‘ಹೋರ’ಕ್ಕೆ ಗಂಟೆ ಎಂಬ ಅರ್ಥವಿಲ್ಲ. ಅದು ಋತು, ಸುಗ್ಗಿ. ಕೃತ್ತಿಕೆ ಮೂಡಿದಾಗ ಕೊಯ್ಲು, ಮುಳುಗಿದಾಗ ಉಳುಮೆ ಅನ್ನುತ್ತಾನೆ ಅವನು. ಹೋರಕ್ಕೆ ಸರಿಯಾಗಿ ಮಾಗಿದ್ದು ‘ಹೋರೈಒಸ್’. ಇಂದಿನ ಗ್ರೀಕಿನಲ್ಲಿ ಅದೇ ಪದಕ್ಕೆ ಚೆಲುವಾದದ್ದು ಅಂತ ಅರ್ಥ. ಹೋರ ಬಿಸಿಲು ನಕ್ಷತ್ರ ನೋಡಿ ಗೊತ್ತಾಗುವಂಥದ್ದು, ಎಲ್ಲರಿಗೂ ಒಂದೇ. ಕೈರೊಸ್ ಹಾಗಲ್ಲ. ಪಕ್ಕದ ಹೊಲಕ್ಕೆ ಹದ ಬಂದರೂ ನಮ್ಮದಕ್ಕೆ ಬಂದಿರಬೇಕೆಂದಿಲ್ಲ.

ಇನ್ನು ‘ಖ್ರೊನೊಸ್’. ಇದು ಉದ್ದಕ್ಕೆ ಹರಿಯುವ ಕಾಲ. (ಕಾಲ ಎಂಬ ಪದಕ್ಕೆ ಖ, ದೇವತೆಗಳ ರಾಜ ಜ್ಯೂಸ್‌ನ ಅಪ್ಪ ಕ್ರೊನೊಸ್‌ಗೆ ಕ. ಗ್ರೀಕರೇ ಇಬ್ಬರನ್ನೂ ಬೆರೆಸಿಕೊಂಡದ್ದುಂಟು. ಕನ್ನಡ ಲಿಪಿಯಲ್ಲಿ ಮಹಾಪ್ರಾಣ ಇರುವುದರಿಂದ ನಮಗೆ ಆ ತೊಂದರೆ ಇಲ್ಲ.) ಖ್ರೊನೊಸ್ ಎಣಿಸುವ ಕಾಲ, ಕೈರೊಸ್ ಅರ್ಥವುಳ್ಳ ಕಾಲ ಅಂತ ಎರಡು ಡಬ್ಬಿ ಮಾಡಿ ಹೇಳುವವರು ಜಾಸ್ತಿ. ನಾನೂ ಹಾಗೆ ಬರೆದುಕೊಂಡಿದ್ದೆ. ಹಿಪ್ಪಾಕ್ರಟೀಸ್‌ನ ಹೆಸರಲ್ಲೇ ಇರುವ ಇನ್ನೊಂದು ಸಣ್ಣ ಪುಸ್ತಕದ ಮೊದಲ ವಾಕ್ಯ ಆ ಡಬ್ಬಿಗಳನ್ನು ಒಡೆಯಿತು. ಖ್ರೊನೊಸ್‌ನೊಳಗೆ ಕೈರೊಸ್ ಇದೆ, ಕೈರೊಸ್‌ನೊಳಗೆ ಖ್ರೊನೊಸ್ ಹೆಚ್ಚಿಲ್ಲ ಅನ್ನುತ್ತದೆ ಅದು. ಗುಣವಾಗುವುದು ಖ್ರೊನೊಸ್‌ನಿಂದ, ಕೆಲವು ಸಲ ಕೈರೊಸ್‌ನಿಂದಲೂ. ಒಂದರೊಳಗೆ ಇನ್ನೊಂದು, ಎದುರುಬದುರು ಅಲ್ಲ. ಈಗಿನ ಗ್ರೀಕರಂತೂ ಹವಾಮಾನಕ್ಕೇ ಕೈರೊಸ್ ಅನ್ನುತ್ತಾರೆ. ‘ಖ್ರೊನೊಸ್’ ಅಂದರೆ ಅವರಿಗೆ ಕಾಲವೂ ಹೌದು, ವರ್ಷವೂ ಹೌದು. ಇವತ್ತು ಕೈರೊಸ್ ಹೇಗಿದೆ ಅಂತ ಕೇಳಿದರೆ ಮಳೆ ಬರುತ್ತಾ ಅಂತ ಕೇಳಿದ ಹಾಗೆ. ನಮ್ಮಪ್ಪನಿಗೆ ಇದು ಒಪ್ಪಿಗೆಯಾಗುತ್ತದೆ.

ಕೈರೊಸ್‌ಗೆ ಒಂದು ಮೂರ್ತಿಯೂ ಇತ್ತು. ಕ್ರಿಸ್ತಪೂರ್ವ 4ನೇ ಶತಮಾನದ ಲಿಸಿಪ್ಪಸ್ ಎಂಬ ಶಿಲ್ಪಿ ಮಾಡಿದ್ದು. ಮೂಲ ಉಳಿದಿಲ್ಲ. ಪೊಸಿಡಿಪ್ಪಸ್ ಎಂಬ ಕವಿ ಅದರ ಮೇಲೆ ಬರೆದ ಪ್ರಶ್ನೋತ್ತರದ ಪದ್ಯ ಉಳಿದಿದೆ. ದಾರಿಹೋಕ ಕೇಳುತ್ತಾ ಹೋಗುತ್ತಾನೆ, ಮೂರ್ತಿ ಉತ್ತರ ಕೊಡುತ್ತದೆ. ತುದಿಗಾಲಲ್ಲಿ ಯಾಕೆ? ಯಾವಾಗಲೂ ಓಡುತ್ತಿರುತ್ತೇನೆ. ಕೈಯಲ್ಲಿ ಕ್ಷೌರದ ಕತ್ತಿ ಯಾಕೆ? ಯಾವ ಅಲಗಿಗಿಂತಲೂ ನಾನು ಹರಿತ. ಹಣೆ ಮೇಲೆ ಕೂದಲು? ಎದುರಿಗೆ ಬಂದವನು ಹಿಡಿಯಲಿ ಅಂತ. ಹಿಂದೆ ಬೋಳು? ದಾಟಿ ಹೋದ ಮೇಲೆ ಯಾರ ಕೈಗೂ ಸಿಗುವುದಿಲ್ಲ. ಎಲ್ಲರೂ ಕೂದಲಿನ ಭಾಗವನ್ನೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಕತ್ತಿ. ಇಟಲಿಯ ಟ್ಯೂರಿನ್‌ನಲ್ಲಿರುವ ಒಂದು ಉಬ್ಬುಶಿಲ್ಪದಲ್ಲಿ ಆ ಕತ್ತಿಯ ಅಲಗಿನ ಮೇಲೆ ತಕ್ಕಡಿ ನಿಂತಿದೆ, ಕೈರೊಸ್ ಒಂದು ತಟ್ಟೆಯನ್ನು ಬೆರಳಿಂದ ಮುಟ್ಟುತ್ತಿದ್ದಾನೆ. ಹೆಸಿಯಡ್‌ನ ಅಳತೆಯೂ ವೈದ್ಯನ ಹರಿತವೂ ಒಂದೇ ಕಲ್ಲಿನಲ್ಲಿ. ಅದರ ಚಿತ್ರವನ್ನು ಪ್ರಿಂಟ್ ತೆಗೆದು ಆ ಪುಟಕ್ಕೆ ಅಂಟಿಸಿದ್ದೇನೆ.

‘ತಕ್ಷಣ’ ಎಂಬ ಅರ್ಥದ ಪದಗಳಲ್ಲಿ ನಾನು ಅಷ್ಟು ಒದ್ದಾಡಲಿಲ್ಲ. ನಿಘಂಟು ಎಲ್ಲದಕ್ಕೂ ತಕ್ಷಣ ಅಂತಲೇ ಕೊಡುತ್ತದೆ. ಆದರೆ ಕನ್ನಡದಲ್ಲಿ ಅವು ತಾವಾಗಿಯೇ ಬೇರೆ ಬೇರೆಯಾದವು.

‘ಎವ್ಥುಸ್’ ಮೂಲದಲ್ಲಿ ನೇರ, ನೆಟ್ಟಗೆ. ಬೈಬಲ್ಲಿನ ಮಾರ್ಕನ ಸುವಾರ್ತೆಯಲ್ಲಿ ಇದು 40ಕ್ಕೂ ಹೆಚ್ಚು ಸಲ ಬರುತ್ತದೆ, ಮೊದಲ ಅಧ್ಯಾಯದಲ್ಲೇ ಹತ್ತರ ಆಸುಪಾಸು. ಎಲ್ಲಾ ಕಡೆ ‘ಕೂಡಲೇ’ ಹಾಕಿ ಓದಿದರೆ ಆಫೀಸಿನ ಜ್ಞಾಪನ ಪತ್ರ. ಆದರೆ ಅದೇ ಅಧ್ಯಾಯದ ಶುರುವಿನಲ್ಲಿ ‘ದಾರಿಗಳನ್ನು ನೆಟ್ಟಗೆ ಮಾಡಿರಿ’ ಅನ್ನುವ ಮಾತಿದೆ, ಅಲ್ಲಿರುವುದೂ ಇದೇ ಪದ. ಕನ್ನಡದಲ್ಲಿ ‘ಸೀದಾ’ ಹಾಕಿ ನೋಡಿ. ಸೀದಾ ದಾರಿ. ಸೀದಾ ಎದ್ದು ಹೋದ. ಎರಡೂ ಅರ್ಥ ಒಂದೇ ಪದದಲ್ಲಿ ಕೂರುತ್ತವೆ. ಸೀದಾ ನಮಗೆ ಹಿಂದಿ ಕಡೆಯಿಂದ ಬಂದದ್ದು, ಗಂಭೀರ ಗ್ರಂಥಕ್ಕೆ ತಕ್ಕುದಲ್ಲ ಅಂತ ಕೆಲವರು ಮೂಗು ಮುರಿಯಬಹುದು. ಮಾರ್ಕನ ಗ್ರೀಕೂ ಅಂಥಾ ಮಡಿಯ ಗ್ರೀಕೇನಲ್ಲ.

ಇನ್ನೊಬ್ಬ ಸುವಾರ್ತೆಕಾರ ಲೂಕನಿಗೆ ಹಿಡಿಸುವ ಪದ ‘ಪರಖ್ರೇಮ’. ಕೆಲಸದ ಪಕ್ಕದಲ್ಲೇ, ಅಲ್ಲೇ ಅಂತ ಅದರ ಕಟ್ಟೋಣ. ಹೊಸ ಒಡಂಬಡಿಕೆಯಲ್ಲಿ ಅದು ಬರುವ 18 ಕಡೆಗಳಲ್ಲಿ 16 ಅವನ ಎರಡು ಪುಸ್ತಕಗಳಲ್ಲೇ ಇವೆ. 18 ವರ್ಷ ಬೆನ್ನು ಬಾಗಿದ್ದ ಹೆಂಗಸು ಪರಖ್ರೇಮ ನೆಟ್ಟಗಾಗುತ್ತಾಳೆ. ಸುಳ್ಳು ಹೇಳಿದ ಸಫೈರಾ ಪರಖ್ರೇಮ ಬಿದ್ದು ಸಾಯುತ್ತಾಳೆ. ‘ನಿಂತ ನಿಲುವಿನಲ್ಲೇ’ ಅಂತ ಬರೆದುಕೊಂಡೆ.

‘ಎಕ್ಸೈಫ್ನೇಸ್’ ಬೇರೆ ಜಾತಿ. ಅದು ಇದ್ದಕ್ಕಿದ್ದಂತೆ. ಪ್ಲೇಟೋನ ಔತಣದ ಕಥೆಯಲ್ಲಿ ಸಾಕ್ರಟೀಸ್ ಪ್ರೇಮದ ಬಗ್ಗೆ ಎತ್ತರದ ಮಾತು ಮುಗಿಸುತ್ತಾನೆ. ಅಷ್ಟರಲ್ಲಿ ಎಕ್ಸೈಫ್ನೇಸ್ ಬೀದಿ ಬಾಗಿಲು ದಬದಬ ಬಡಿದ ಸದ್ದು. ಅಥೆನ್ಸಿನ ನಾಯಕ ಆಲ್ಸಿಬಿಯಾಡೀಸ್ ಕುಡಿದು ಬಂದಿದ್ದಾನೆ. ಅದೇ ಪದವನ್ನು ಪ್ಲೇಟೋ ಇನ್ನೊಂದು ಕಡೆ ಚಲನೆಗೂ ನಿಲುಗಡೆಗೂ ನಡುವಿನ, ಯಾವ ಕಾಲಕ್ಕೂ ಸೇರದ ವಿಚಿತ್ರ ಬಿಂದುವಿಗೆ ಬಳಸುತ್ತಾನೆ. ಆ ಪುಟ ಮೂರು ಸಲ ಓದಿದೆ. ಬಾಗಿಲು ಬಡಿದದ್ದೇ ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ಪುಟ್ಟ ಪದ, ‘ಅಕರೇಸ್’. ಕತ್ತರಿಸಲೂ ಆಗದಷ್ಟು ಗಿಡ್ಡ ಕೂದಲಿಗೆ ಹೇಳುವುದು. ಅಷ್ಟು ಸಣ್ಣ ಹೊತ್ತಿಗೂ ಅದೇ ಪದ. ಕ್ಷೌರದಂಗಡಿಯಲ್ಲಿ ಹುಟ್ಟಿದ ಹಾಗಿದೆ.

ಪದವನ್ನೇ ಹುಡುಕಿ ಸೋತದ್ದು ‘ಫ್ಥಾನೊ’ ಎಂಬ ಕ್ರಿಯಾಪದದಲ್ಲಿ. ಇನ್ನೊಬ್ಬನಿಗಿಂತ ಮುಂಚೆ ಮಾಡಿಬಿಡುವುದು ಅಂತ ಅರ್ಥ. ಮ್ಯಾರಥಾನ್ ಯುದ್ಧ, ಕ್ರಿಸ್ತಪೂರ್ವ 490. ಸೋತ ಪರ್ಷಿಯನ್ನರು ಹಡಗು ಹತ್ತಿ ಸೂನಿಯನ್ ಭೂಶಿರ ಸುತ್ತಿಕೊಂಡು ಅಥೆನ್ಸಿಗೆ ಹೊರಡುತ್ತಾರೆ. ಅಥೆನ್ಸಿನವರಿಗಿಂತ ಮುಂಚೆ ಊರು ಮುಟ್ಟಬೇಕು, ಅಲ್ಲಿ ಈ ಪದ. ಅಥೆನ್ಸಿನವರು ಕಾಲಿಗೆ ಆದಷ್ಟು ಜೋರಾಗಿ ಓಡಿ ಮೊದಲೇ ಮುಟ್ಟುತ್ತಾರೆ, ಅಲ್ಲೂ ಇದೇ ಪದ. ಇತಿಹಾಸಕಾರ ಹೆರೊಡೊಟಸ್ ಒಂದೇ ಕ್ರಿಯಾಪದದಲ್ಲಿ ಇಬ್ಬರ ಓಟವನ್ನೂ ಕಟ್ಟಿದ್ದಾನೆ. ಕನ್ನಡದಲ್ಲಿ ‘ಮುಂಚೆಯೇ’, ‘ಅಷ್ಟರೊಳಗೆ’ ಅಂತ ಬಾಲ ಹಚ್ಚದೆ ಇದನ್ನು ಹೇಳಲು ನನಗೆ ಇವತ್ತಿಗೂ ಬಂದಿಲ್ಲ. ಆ ಪುಟದ ಕೆಳಗೆ ಜಾಗ ಖಾಲಿ ಇದೆ.

ಮತ್ತೆ ಮೊದಲ ಸಾಲಿಗೆ ಬಂದೆ. ‘ಹದ’ ಸಿಕ್ಕಿತು ನಿಜ, ಆದರೆ ‘ಹದ ಹರಿತ’ ಅಂದರೆ ಕನ್ನಡವಾಗುತ್ತದಾ? ಪಾಕ ಹರಿತ ಆಗುತ್ತದೆಯೇ? ಒಂದು ತಿಂಗಳು ಇದೇ ಕೊರೆತ. ಊರಿಗೆ ಹೋದಾಗ ಅಪ್ಪ ಕುಡುಗೋಲುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ‘ಎಲ್ಲಿಗೆ?’ ಅಂದೆ. ‘ಕುಲುಮೆಗೆ. ಹದ ಹಾಕಿಸ್ಕೊಂಡು ಬರ್ತೀನಿ, ಏನೂ ಕೊಯ್ಯಲ್ಲ ಇವು.’ ಕಬ್ಬಿಣಕ್ಕೂ ಹದ. ಕಾಯಿಸಿ ನೀರಿಗೆ ಅದ್ದುವ ಆ ಗಳಿಗೆ ತಪ್ಪಿದರೆ ಅಲಗು ನಿಲ್ಲುವುದಿಲ್ಲ. ನಾನು ಬೇರೆಲ್ಲೋ ಹುಡುಕುತ್ತಿದ್ದ ಹರಿತ ಆ ಪದದೊಳಗೇ ಇತ್ತು.

ಈಗ ಸಾಲು ಹೀಗಿದೆ: ‘ಬದುಕು ಗಿಡ್ಡ, ಕಸುಬು ಉದ್ದ, ಹದ ಹರಿತ, ಪ್ರಯೋಗ ಎಡವಿಸುತ್ತದೆ, ತೀರ್ಮಾನ ಕಷ್ಟ.’

ಗೆಳೆಯನಿಗೆ ಕಳಿಸಿದೆ. ‘ಹದ ಹರಿತ ಅಂದ್ರೇನೋ?’ ಅಂತ ಕೇಳಿದ. ಅವನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಅರ್ಥ ಕೇಳಲಿಲ್ಲ.

‘ಯಾರು ಬರೆದಿದ್ದು?’

‘ಗ್ರೀಸ್ ದೇಶದ ಒಬ್ಬ ವೈದ್ಯ. ಎರಡು ಸಾವಿರ ವರ್ಷದ ಮೇಲಾಯ್ತು.’

‘ಹೊಲ ಇತ್ತಾ ಅವನಿಗೆ?’