ನುಡಿನಮನಕ್ಕೆ ಅವರದೇ ಹಾಡು: ಹೀಗೆ ಏರ್ಪಾಡು ಮಾಡಿ

ಶ್ರದ್ಧಾಂಜಲಿ ಸಭೆ ಅಂದರೆ ಫೋಟೊಗೆ ಹಾರ, ಒಂದು ನಿಮಿಷ ಮೌನ, ಆಮೇಲೆ ಸಾಲು ಸಾಲು ಭಾಷಣ. ಹಿಂದೆ ಸ್ಪೀಕರಿನಲ್ಲಿ ಯಾವುದೋ ಭಜನೆ ಓಡುತ್ತಿರುತ್ತದೆ. ಶಿರಸಿ, ಹೊನ್ನಾವರ, ಕುಮಟಾ ಕಡೆ ಹಾಡುವವರಿಗೆ, ಮದ್ದಳೆ ನುಡಿಸುವವರಿಗೆ ಬರವೇ ಇಲ್ಲ, ಮತ್ತೆ ರೆಕಾರ್ಡ್ ಯಾಕೆ? ಹೋದವರ ಇಷ್ಟದ ಹಾಡನ್ನು ಎದುರಿಗೆ ಕೂತು ಹಾಡಿಸಿ, ಸಭೆ ಅವರದೇ ಆಗುತ್ತದೆ.

ಕಲಾವಿದರಿಗೆ ಫೋನ್ ಮಾಡುವ ಮೊದಲು ಹಾಡು ಹುಡುಕಿ. ಇದಕ್ಕೇ ಜಾಸ್ತಿ ಸಮಯ ಕೊಡಿ. ಮನೆಯವರನ್ನಷ್ಟೇ ಕೇಳಿದರೆ ಸಾಲದು. ಅಜ್ಜನ ಜೊತೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರು, ಅಮ್ಮನ ಜೊತೆ ಅಡಿಕೆ ಸುಲಿಯುತ್ತಾ ಹಾಡು ಹೇಳಿದವರು ಇರುತ್ತಾರಲ್ಲ, ನಿಜವಾಗಿ ಗೊತ್ತಿರುವುದು ಅವರಿಗೆ. ಅಮ್ಮ ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕವಿದ್ದರೆ ತೆಗೆದು ನೋಡಿ, ಯಾವ ಪುಟ ಜಾಸ್ತಿ ಮಾಸಿದೆಯೋ ಅಲ್ಲಿಂದ ಶುರು ಮಾಡಿ. ದುಃಖದ ಹಾಡೇ ಬೇಕೆಂದಿಲ್ಲ. ಯುದ್ಧದ ಪದ್ಯ ಬಂದ ಕೂಡಲೇ ನೆಟ್ಟಗೆ ಕೂರುತ್ತಿದ್ದ ಅಜ್ಜನಿಗೆ ಆ ಪದ್ಯವನ್ನೇ ಹಾಡಿಸಿ.

ದಿನ ಗೊತ್ತು ಮಾಡುವಾಗ ಹಿರಿಯರನ್ನು, ಪುರೋಹಿತರನ್ನು ಕೇಳಿ, ಸೂತಕದ ಪದ್ಧತಿ ಮನೆಮನೆಗೂ ಬೇರೆ. ಹದಿಮೂರನೇ ದಿನ ನೆಂಟರೆಲ್ಲ ಸೇರಿರುತ್ತಾರೆ, ಊಟ ಮುಗಿದ ಮೇಲೆ ಅರ್ಧ ಗಂಟೆ ಸಿಕ್ಕರೆ ಸಾಕು. ಕಾರವಾರದ ಕ್ರೈಸ್ತ ಕುಟುಂಬವಾದರೆ ಇಗರ್ಜಿಯೊಳಗೆ ಯಾವ ಹಾಡು ನಡೆಯುತ್ತದೆ ಎಂದು ಪಾದ್ರಿಯವರ ಹತ್ತಿರ ಮೊದಲೇ ಮಾತಾಡಿ. ಅವರಿಷ್ಟದ ಬೇರೆ ಕೊಂಕಣಿ ಹಾಡನ್ನು ಮನೆಯಂಗಳದಲ್ಲಿ ಪಿಟೀಲಿನ ಜೊತೆ ಇಟ್ಟುಕೊಳ್ಳಬಹುದು.

ತಂಡ ಚಿಕ್ಕದಿರಲಿ. ಯಕ್ಷಗಾನದ ಪದ್ಯವಾದರೆ ಅದನ್ನು ಹಾಡುವ ಭಾಗವತರು, ಮದ್ದಳೆ ಸಾಕು. ಚಂಡೆ ಬೇಕೇ ಬೇಕು ಅಂದರೆ ಹೊರಗೆ ಚಪ್ಪರದಲ್ಲಿ ಕೂರಿಸಿ, ಸಣ್ಣ ಕೋಣೆಯೊಳಗೆ ಅದು ಉಳಿದದ್ದನ್ನೆಲ್ಲ ಮುಳುಗಿಸುತ್ತದೆ. ಹಿಂದುಸ್ತಾನಿ ಕೇಳುತ್ತಿದ್ದವರಾದರೆ ಹೊತ್ತಿಗೆ ತಕ್ಕ ರಾಗ: ಬೆಳಿಗ್ಗೆ ತೋಡಿ, ಮಧ್ಯಾಹ್ನದ ಮೇಲೆ ಭೀಮ್‌ಪಲಾಸ್, ಮುಗಿಸಲು ಭೈರವಿ. ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನಾಡಿಗೆಲ್ಲ ಕೇಳಿಸಿದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಂಥ ಹಾಡು ಮನೆಯಲ್ಲೇ ಇದ್ದರೆ ಹೊರಗಿನ ಗಾಯಕರು ಬೇಡ, ಜೊತೆಯಲ್ಲಿ ಹಾಡುತ್ತಿದ್ದ ಹೆಂಗಸರೇ ಹಾಡಲಿ.

ಮೊಮ್ಮಗಳು ಹಾಡುತ್ತೇನೆ ಅಂದರೆ ಖಂಡಿತ ಹಾಡಿಸಿ. ಹಿಂದಿನ ದಿನವೇ ಹಾರ್ಮೋನಿಯಂ ಜೊತೆ ಒಮ್ಮೆ ಕೂರಿಸಿ, ಅವಳಿಗೆ ಯಾವ ಶ್ರುತಿ ಹಿಡಿಸುತ್ತದೆ ನೋಡಿಕೊಳ್ಳಿ, ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀ, ಕೆಳಗಿದ್ದರೂ ಪರವಾಗಿಲ್ಲ, ಯಾಕೆಂದರೆ ಅಳು ತಡೆದುಕೊಂಡು ಹಾಡುವಾಗ ಮೇಲಿನ ಸ್ವರ ಕಷ್ಟ. ಹಾಡು ಬಲ್ಲ ಇನ್ನೊಬ್ಬರು ಪಕ್ಕದಲ್ಲೇ ಇರಲಿ. ಅವಳ ಗಂಟಲು ಕಟ್ಟಿದರೆ ಅವರು ಎತ್ತಿಕೊಳ್ಳಲಿ, ಪಲ್ಲವಿಗೆ ಸಭೆಯೂ ದನಿ ಸೇರಿಸಲಿ.

ಮಳೆಗಾಲದಲ್ಲಿ ತಬಲಾ, ಮದ್ದಳೆಯ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಒಂದು ಗಂಟೆ ಮುಂಚೆ ಬರಹೇಳಿ, ಒಣಗಿದ ಜಾಗ ಕೊಡಿ. ಕರೆಂಟು ನಂಬಬೇಡಿ, ಮೈಕಿಗೆ ಬ್ಯಾಟರಿ ಇಟ್ಟುಕೊಳ್ಳಿ.

ಮೂರು ಹಾಡು ಸಾಕು. ಪ್ರತಿ ಹಾಡಿಗೆ ಮುಂಚೆ ಒಬ್ಬರು ಎದ್ದು ಇದೇ ಹಾಡು ಯಾಕೆ ಅಂತ ಎರಡು ಮಾತು ಹೇಳಲಿ. ಭಾಷಣಗಳನ್ನು ಕಡಿಮೆ ಮಾಡಿ.

ಸಂಭಾವನೆ, ಗಾಡಿ ಖರ್ಚು ಮೊದಲೇ ಮಾತಾಡಿ, ನಮ್ಮೂರವರೇ ಅಲ್ವಾ ಅಂತ ಸುಮ್ನೆ ಇರಬೇಡಿ. ದೂರದಲ್ಲಿರುವ ಮಕ್ಕಳಿಗೆ ಕಳಿಸಲು ಒಬ್ಬರು ಮುಂದೆ ಕೂತು ರೆಕಾರ್ಡ್ ಮಾಡಲಿ, ಉಳಿದವರು ಮೊಬೈಲ್ ಕಿಸೆಯಲ್ಲೇ ಇಟ್ಟುಕೊಳ್ಳಲಿ.