ತುಕ್ಕು ಹಿಡಿದ ಕಾವಲಿಯನ್ನು ಮತ್ತೆ ಪಳಗಿಸುವುದು ಹೇಗೆ?

ಅಟ್ಟದ ಮೇಲೆ, ಹಳೇ ಡಬ್ಬಗಳ ಹಿಂದೆ ಒಂದು ಕಬ್ಬಿಣದ ಕಾವಲಿ ಬಿದ್ದಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಜ್ಜಿಯೋ ಅತ್ತೆಯೋ ದಿನಾ ದೋಸೆ ಹುಯ್ಯುತ್ತಿದ್ದ ಕಾವಲಿ. ನಾನ್‌ಸ್ಟಿಕ್ ತವಾ ಬಂದ ದಿನ ಅದು ಮೇಲೆ ಹೋಯಿತು, ಮಳೆಗಾಲದ ಥಂಡಿಗೆ ತುಕ್ಕು ಹಿಡಿಯಿತು. ಗುಜರಿ ಗಾಡಿಯವರ ಕೂಗು ಕೇಳಿದಾಗ ಮೊದಲು ನೆನಪಾಗುವುದೂ ಅದೇ.

ದಯವಿಟ್ಟು ಕೊಡಬೇಡಿ. ಕಾವಲಿಯ ತುಕ್ಕು ಬಹುಪಾಲು ಮೇಲ್ಪದರದ್ದು, ಒಳಗಿನ ಕಬ್ಬಿಣ ಗಟ್ಟಿಯಾಗಿಯೇ ಇರುತ್ತದೆ. ಒಂದು ಭಾನುವಾರದ ಮಧ್ಯಾಹ್ನ, ಒಂದು ಹಿಡಿ ಹುಣಸೆಹಣ್ಣು, ಎರಡು ಚಮಚ ಎಣ್ಣೆ, ಅರ್ಧ ಈರುಳ್ಳಿ ಇದ್ದರೆ ಅದನ್ನು ಮತ್ತೆ ಒಲೆಗೆ ಏರಿಸಬಹುದು. ನಾನ್‌ಸ್ಟಿಕ್ ಲೇಪನ ಒಮ್ಮೆ ಕಿತ್ತುಹೋದರೆ ಆ ತವಾ ಮುಗಿದಂತೆಯೇ. ಕಬ್ಬಿಣದ ಕಾವಲಿಯ ಕಪ್ಪು ಪದರ ಹೋದರೆ ನಾವೇ ಮತ್ತೆ ಕಟ್ಟಬಹುದು, ಎಷ್ಟು ಸಲ ಬೇಕಾದರೂ.

ಮೊದಲು ಕೈಯಲ್ಲಿ ಹಿಡಿದು ನೋಡಿ

ಕಬ್ಬಿಣದ ಕಾವಲಿಗಳಲ್ಲಿ ಎರಡು ಬಗೆ. ಒಂದು ಬೀಡಿನದು, ಅಂದರೆ ಎರಕ ಹೊಯ್ದದ್ದು: ದಪ್ಪ, ಭಾರ, ಮೈ ತುಸು ತರಿತರಿ, ಹಿಡಿಯೂ ಸಾಮಾನ್ಯವಾಗಿ ಒಂದೇ ಎರಕದಲ್ಲಿ ಬಂದಿರುತ್ತದೆ. ಇನ್ನೊಂದು ತಗಡಿನಿಂದ ಮಾಡಿದ್ದು: ಹಗುರ, ನಯ, ಹಿಡಿಯನ್ನು ರಿವಿಟ್ ಹೊಡೆದು ಕೂರಿಸಿರುತ್ತಾರೆ. ಎರಡನ್ನೂ ಪಳಗಿಸುವ ಕ್ರಮ ಒಂದೇ, ಸ್ವಭಾವ ಮಾತ್ರ ಬೇರೆ. ಬೀಡಿನಲ್ಲಿ ಇಂಗಾಲದ ಅಂಶ ಶೇ 2ಕ್ಕಿಂತ ಹೆಚ್ಚು, ಹಾಗಾಗಿ ಅದು ಬಾಗುವುದಿಲ್ಲ, ಒಡೆಯುತ್ತದೆ. ಕೈಜಾರಿ ನೆಲಕ್ಕೆ ಬಿದ್ದರೆ, ಕಾದಿರುವಾಗ ಒಂದು ಚೊಂಬು ತಣ್ಣೀರು ಸುರಿದರೆ ಬಿರುಕು ಬಿಡಬಹುದು. ತಗಡಿನದು ಒಡೆಯುವುದಿಲ್ಲ, ಆದರೆ ಉರಿ ಒಮ್ಮೆಲೇ ಜೋರಾದರೆ ಸೊಟ್ಟಗಾಗುತ್ತದೆ.

ಬೀಡಿನ ಕಾವಲಿಯನ್ನು ಒಂದು ಬೆರಳಿನ ಮೇಲೆ ತೂಗುಬಿಟ್ಟು ಸೌಟಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಎಳೆದುಕೊಂಡು ಹೋದರೆ ಚೆನ್ನಾಗಿದೆ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಅಂಥದ್ದನ್ನು ಮನೆಯಲ್ಲಿ ಸರಿಪಡಿಸಲಾಗದು, ಅದನ್ನು ಗುಜರಿಗೆ ಕೊಡಬಹುದು. ಸಣ್ಣ ಸಣ್ಣ ಗುಳಿಗಳಿದ್ದರೆ ಚಿಂತೆಯಿಲ್ಲ.

ತಗಡಿನ ಕಾವಲಿಯ ಹಿಡಿ ಅಲ್ಲಾಡುತ್ತಿದ್ದರೆ ಈಗಲೇ ನೋಡಿಕೊಳ್ಳಿ. ರಿವಿಟ್‌ನ ತಲೆಯನ್ನು ಗಟ್ಟಿ ಕಲ್ಲಿನ ಮೇಲೋ ಕಬ್ಬಿಣದ ತುಂಡಿನ ಮೇಲೋ ಆನಿಸಿ, ಇನ್ನೊಂದು ತುದಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದರೆ ಅದು ಅಗಲವಾಗಿ ಬಿಗಿಯಾಗುತ್ತದೆ. ಮರದ ಹಿಡಿಯಾದರೆ ಸ್ಕ್ರೂ ತಿರುಗಿಸಿ. ಬೀಡಿನ ಕಾವಲಿಗೆ ಮಾತ್ರ ಸುತ್ತಿಗೆ ಮುಟ್ಟಿಸಲೇಬೇಡಿ.

ತುಕ್ಕು ತೆಗೆಯುವುದು

ಮೊದಲು ಒಣಗಿರುವಾಗಲೇ ಸ್ಟೀಲ್ ಸ್ಕ್ರಬ್ಬರ್ ಅಥವಾ ತೆಂಗಿನ ನಾರಿನಿಂದ, ಒಂದು ಹಿಡಿ ಕಲ್ಲುಪ್ಪು ಹಾಕಿ ಚೆನ್ನಾಗಿ ಉಜ್ಜಿ. ಸಡಿಲವಾದ ಕೆಂಪು ಪುಡಿಯೆಲ್ಲ ಇದರಲ್ಲೇ ಉದುರುತ್ತದೆ. ಅಂಟಿಕೊಂಡು ಕೂತ ತುಕ್ಕಿಗೆ ಹುಳಿ ಬೇಕು. ನಿಂಬೆ ಗಾತ್ರದ ಎರಡು ಉಂಡೆ ಹುಣಸೆಹಣ್ಣನ್ನು ಬಿಸಿನೀರಲ್ಲಿ ಕಿವುಚಿ, ಆ ಮಂದ ರಸವನ್ನು ಕಾವಲಿಯ ಎರಡೂ ಮಗ್ಗುಲಿಗೆ ಬಳಿದು ಅರ್ಧ ಗಂಟೆ ಬಿಡಿ. ವಿನಿಗರ್ ಇದ್ದರೆ ಅಷ್ಟೇ ನೀರು ಬೆರೆಸಿ ಹಚ್ಚಬಹುದು. ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೇ ತಿನ್ನಲು ತೊಡಗುತ್ತದೆ, ಆದ್ದರಿಂದ ರಾತ್ರಿಯಿಡೀ ನೆನೆಹಾಕುವ ಆಸೆ ಬೇಡ. ಅರ್ಧ ಗಂಟೆಗೆ ಹೋಗದಿದ್ದರೆ ಉಜ್ಜಿ ತೊಳೆದು ಇನ್ನೊಂದು ಸಲ ಬಳಿಯಿರಿ.

ಬೂದು ಬಣ್ಣದ ಬರೀ ಕಬ್ಬಿಣ ಕಂಡಾಗ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ. ಕಡೆಯ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದರೆ ಉಳಿದ ಹುಳಿಯೂ ಸಾಯುತ್ತದೆ. ಅಂಗಡಿಯಿಂದ ತಂದ ಹೊಸ ಕಾವಲಿಗೂ ಈ ಸೋಪಿನ ಸ್ನಾನ ಬೇಕು, ತುಕ್ಕು ಹಿಡಿಯದಿರಲೆಂದು ಅದರ ಮೇಲೆ ಎಣ್ಣೆಯೋ ಮೇಣವೋ ಬಳಿದಿರುತ್ತಾರೆ.

ಇಲ್ಲಿ ತಡಮಾಡುವಂತಿಲ್ಲ. ಬರೀ ಮೈಯ ಕಬ್ಬಿಣ ಒದ್ದೆಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಬಟ್ಟೆಯಿಂದ ಒರೆಸಿದ ಕೂಡಲೇ ಸಣ್ಣ ಉರಿಯ ಮೇಲಿಡಿ. ಅಂಚಿನ ತೇವ ಪೂರ್ತಿ ಆರುವ ತನಕ, ಸುಮಾರು ಐದು ನಿಮಿಷ ಕಾಯಲಿ.

ಎಣ್ಣೆ ಕಡಿಮೆ, ತಾಳ್ಮೆ ಜಾಸ್ತಿ

ಪಳಗಿಸುವುದೆಂದರೆ ಕಾವಲಿಗೆ ಎಣ್ಣೆ ಕುಡಿಸುವುದು ಎಂದು ಹಲವರು ತಿಳಿದಿದ್ದಾರೆ. ಆಗುವುದು ಬೇರೆ. ತೆಳುವಾಗಿ ಸವರಿದ ಎಣ್ಣೆ ಬಿಸಿಗೆ, ಗಾಳಿಗೆ ಸಿಕ್ಕಾಗ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ತಣ್ಣಗಾದ ಮೇಲೆ ಆ ಪದರ ಮತ್ತೆ ಎಣ್ಣೆಯಾಗುವುದಿಲ್ಲ, ನೀರಿಗೂ ಬಿಡುವುದಿಲ್ಲ. ಹಳೇ ಕಾವಲಿಯ ಮಿರುಗುವ ಕಪ್ಪು ಬಣ್ಣ ಇದೇ. ವರ್ಷಗಟ್ಟಲೆ ದೋಸೆ ಹುಯ್ದಾಗ ತೆಳು ಪದರದ ಮೇಲೆ ತೆಳು ಪದರ ಕೂತು ಆದದ್ದು.

ಹಾಗಾಗಿ ಯಾವ ಎಣ್ಣೆ ಎನ್ನುವುದೂ ಮುಖ್ಯ. ಸೂರ್ಯಕಾಂತಿ, ಕಡಲೆಕಾಯಿ, ಎಳ್ಳೆಣ್ಣೆಗಳು ಚೆನ್ನಾಗಿ ಹೆಣೆದುಕೊಳ್ಳುತ್ತವೆ. ತೆಂಗಿನೆಣ್ಣೆಯಲ್ಲಿ ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು ಇರುವುದರಿಂದ ಅದು ಸುಲಭಕ್ಕೆ ಪದರ ಕಟ್ಟದು. ಕರಾವಳಿಯವರಿಗೆ ಬೇಸರವಾದೀತು, ಆದರೆ ಅದನ್ನು ದೋಸೆಯ ಮೇಲೆ ಧಾರಾಳವಾಗಿ ಬಿಡಿ, ಪಳಗಿಸಲು ಮಾತ್ರ ಬೇರೆ ಎಣ್ಣೆ ತೆಗೆದುಕೊಳ್ಳಿ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಆ ಪದರ ಪೆಡಸು, ಕೆಲವು ದಿನಕ್ಕೆ ಚಕ್ಕೆ ಚಕ್ಕೆಯಾಗಿ ಏಳುವುದುಂಟು. ನನ್ನ ಆಯ್ಕೆ ಕಡಲೆಕಾಯಿ ಎಣ್ಣೆ.

ಕ್ರಮ ಹೀಗೆ. ಕಾವಲಿ ಕೈಗೆ ಬಿಸಿ ತಾಗುವಷ್ಟು ಕಾದಿರುವಾಗ ಅರ್ಧ ಚಮಚ ಎಣ್ಣೆ ಬಿಟ್ಟು, ಹಳೇ ಹತ್ತಿ ಬಟ್ಟೆಯಿಂದ ಒಳಗೆ, ಹೊರಗೆ, ಅಂಚಿಗೆ, ಹಿಡಿಗೆಲ್ಲ ಸವರಿ. ಈಗ ಇನ್ನೊಂದು ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯಿತು ಎನ್ನುವ ಹಾಗೆ ಪೂರ್ತಿ ಒರೆಸಿ. ಕಣ್ಣಿಗೆ ಒಣಗಿದಂತೆ ಕಂಡರೂ ಬೇಕಾದಷ್ಟು ಎಣ್ಣೆ ಅಲ್ಲಿ ಉಳಿದಿರುತ್ತದೆ. ಬಹಳ ಕಾವಲಿಗಳು ಕೆಡುವುದು ಈ ಒರೆಸುವ ಕೆಲಸ ಬಿಟ್ಟದ್ದಕ್ಕೆ. ಎಣ್ಣೆ ದಪ್ಪವಾದರೆ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಹಲಸಿನ ಮೇಣದಂತೆ ಕೂರುತ್ತದೆ, ಮೊದಲ ದೋಸೆಯನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಹಾಗಾದರೆ ಉಪ್ಪು ಹಾಕಿ ಉಜ್ಜಿ, ಮತ್ತೆ ಶುರು ಮಾಡಬೇಕು.

ಒರೆಸಿದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ. ಕಿಟಕಿ ತೆರೆದಿರಲಿ, ಹೊಗೆ ಬರುತ್ತದೆ, ಬರಬೇಕು. ಹೊರದೇಶದ ಮನೆಗಳಲ್ಲಿರುವವರು ಹೊಗೆಯ ಅಲಾರಂ ಕೂಗದಂತೆ ಎಕ್ಸಾಸ್ಟ್ ಫ್ಯಾನ್ ಮೊದಲೇ ಹಾಕಿಕೊಳ್ಳಿ. ಗ್ಯಾಸ್ ಒಲೆಯಲ್ಲಿ ನಡುಭಾಗವೇ ಹೆಚ್ಚು ಕಾಯುವುದರಿಂದ ಎರಡು ನಿಮಿಷಕ್ಕೊಮ್ಮೆ ಕಾವಲಿಯನ್ನು ಸರಿಸಿ, ಅಂಚುಗಳೂ ಉರಿಯ ಮೇಲೆ ಬರಲಿ. ಬೂದು ಮೈ ನಡುವಿನಿಂದ ಹೊಂಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂದು, ಆ ಕಂದು ಮೆಲ್ಲಗೆ ಅಂಚಿನ ಕಡೆ ಹರಡುತ್ತದೆ. ಹೊಗೆ ನಿಂತ ಮೇಲೆ ಒಲೆ ಆರಿಸಿ ತಣಿಯಲು ಬಿಡಿ. ಮತ್ತೆ ಸವರಿ, ಒರೆಸಿ, ಕಾಯಿಸಿ. ಮೂರು ನಾಲ್ಕು ಸಲಕ್ಕೆ ಬಣ್ಣ ಕಪ್ಪಿಗೆ ಹತ್ತಿರ ಬರುತ್ತದೆ. ಓವನ್ ಇರುವವರ ಕೆಲಸ ಇನ್ನೂ ಸಲೀಸು: 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾವಲಿಯನ್ನು ಬೋರಲು ಹಾಕಿ ಒಂದು ಗಂಟೆ ಇಟ್ಟರೆ ಎಲ್ಲ ಕಡೆ ಸಮನಾಗಿ ಕೂರುತ್ತದೆ. ಮರದ ಹಿಡಿಯಿದ್ದರೆ ಬಿಚ್ಚಿಡಿ.

ಕೊನೆಯದು ಈರುಳ್ಳಿ. ಅರ್ಧ ಹೋಳನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ಕಾದ ಕಾವಲಿಯ ಮೇಲೆ ಸುತ್ತು ಸುತ್ತಾಗಿ ಐದು ನಿಮಿಷ ಉಜ್ಜಿ. ಸಡಿಲವಾದ ಕಣಗಳೆಲ್ಲ ಈರುಳ್ಳಿಗೆ ಅಂಟಿಕೊಂಡು ಬರುತ್ತವೆ, ಕಬ್ಬಿಣದ ಹಸಿ ವಾಸನೆ ಹೋಗಿ ಅಡುಗೆಮನೆಯ ತುಂಬ ಒಗ್ಗರಣೆಯ ಪರಿಮಳ. ಬದನೆಕಾಯಿಯ ತೊಟ್ಟಿನ ಭಾಗದಿಂದ ಉಜ್ಜುವವರೂ ಇದ್ದಾರೆ, ತೊಟ್ಟೇ ಹಿಡಿಕೆಯಾಗುತ್ತದೆ, ಅದೂ ಒಳ್ಳೆಯದೇ.

ಮೊದಲ ದೋಸೆ

ಹಿಂದಿನ ರಾತ್ರಿಯೇ ಹಿಟ್ಟು ತಯಾರಿದ್ದರೆ ಸಂಜೆಗೇ ಕಾವಲಿಯನ್ನು ನೋಡಬಹುದು. ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಐದಾರು ಗಂಟೆ ನೆನೆಸಿ, ಅರ್ಧ ಲೋಟ ಅವಲಕ್ಕಿಯನ್ನೂ ಸೇರಿಸಿ ರುಬ್ಬಿ, ಬೇಸಿಗೆಯಲ್ಲಿ ಎಂಟು ಗಂಟೆ, ಬೆಂಗಳೂರಿನ ಡಿಸೆಂಬರಿನಲ್ಲಿ ಹನ್ನೆರಡಕ್ಕೂ ಹೆಚ್ಚು ಗಂಟೆ ಹುದುಗಲು ಬಿಡಿ. ಹೊಸದಾಗಿ ಪಳಗಿದ ಕಾವಲಿಗೆ ಮೊದಲೇ ನೀರ್ದೋಸೆ ಬೇಡ. ಅದರ ತೆಳು ಹಿಟ್ಟಿಗೆ ಪೂರ್ತಿ ಪಳಗಿದ ಮೈಯೇ ಬೇಕು. ದಪ್ಪ ಮೆಂತ್ಯದ ದೋಸೆ, ಸೆಟ್ ದೋಸೆಗಳಿಂದ ಶುರು ಮಾಡಿ, ಸುತ್ತ ಎಣ್ಣೆ ಬಿಡಲು ಜಿಪುಣತನ ಬೇಡ.

ಬಿಸಿಯ ಹದ ನೀರಿನ ಹನಿಯಲ್ಲಿ ಗೊತ್ತಾಗುತ್ತದೆ. ನಾಲ್ಕು ಹನಿ ಚಿಮುಕಿಸಿ. ಸುಮ್ಮನೆ ಕೂತು ನಿಧಾನಕ್ಕೆ ಆರಿದರೆ ಕಾದಿಲ್ಲ. ಚುಂಯ್ ಎಂದು ತಕ್ಷಣ ಆವಿಯಾದರೆ ಹದ ಸರಿಯಾಗಿದೆ. ಹನಿಗಳು ಗುಂಡಗಾಗಿ ಕಾವಲಿಯ ತುಂಬ ಓಡಾಡಿದರೆ ವಿಪರೀತ ಕಾದಿದೆ: ಹನಿಯ ಕೆಳಗೆ ಆವಿಯ ಪದರ ಹುಟ್ಟಿ ಅದನ್ನು ಎತ್ತಿ ಹಿಡಿಯುತ್ತಿದೆ ಎಂದರ್ಥ, ಅಂದರೆ ಹೆಚ್ಚುಕಡಿಮೆ 200 ಡಿಗ್ರಿ ಮುಟ್ಟಿದೆ. ಆ ಬಿಸಿಯಲ್ಲಿ ಹಿಟ್ಟು ಹುಯ್ದರೆ ಬಿದ್ದಲ್ಲೇ ಬೆಂದು, ಸೌಟಿನ ತಳಕ್ಕೆ ಮುದ್ದೆಯಾಗಿ ಎದ್ದು ಬರುತ್ತದೆ. ಹೋಟೆಲಿನ ದೋಸೆ ಭಟ್ಟರು ಪ್ರತಿ ಸರದಿಗೂ ನೀರು ಚಿಮುಕಿಸಿ ಕಡ್ಡಿಪೊರಕೆಯಲ್ಲಿ ಗುಡಿಸುವುದು ಚೊಕ್ಕಟಕ್ಕೆ ಮಾತ್ರವಲ್ಲ, ಈ ಬಿಸಿ ಇಳಿಸಲಿಕ್ಕೂ ಹೌದು. ಮನೆಯಲ್ಲಿ ಒದ್ದೆ ಬಟ್ಟೆಯಿಂದ ಒಮ್ಮೆ ಸವರಿದರೆ ಸಾಕು.

ಈಗ ಒಂದು ಸೌಟು ಹಿಟ್ಟನ್ನು ನಡುವೆ ಹುಯ್ದು, ಒತ್ತದೆ, ಸೌಟಿನ ತಳ ಹಿಟ್ಟಿನ ಮೇಲೆ ತೇಲುವ ಹಾಗೆ ಒಳಗಿನಿಂದ ಹೊರಕ್ಕೆ ತಿರುಗಿಸಿ. ಕ್ಷಣದಲ್ಲಿ ಮೇಲೆಲ್ಲ ಕಣ್ಣು ಬಿಡುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆಯಿದೆಯಲ್ಲ, ತೂತು ಬೀಳಲೇಬೇಕು: ಹಿಟ್ಟು ಹುದುಗಿದೆ, ಕಾವಲಿ ಕಾದಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಅಂಚು ತಾನಾಗಿ ಎದ್ದು ನಿಲ್ಲುವ ತನಕ ಸಟ್ಟುಗ ಹಾಕಬೇಡಿ. ಮೇಲೆ ಹಿಟ್ಟಿನ ಹಸಿ ಹೊಳಪು ಮಾಯವಾಗಿ, ಕೆಳಗಿನ ಕೆಂಪು ಅಲ್ಲಲ್ಲಿ ಕಂಡಾಗ ಸಟ್ಟುಗ ತೂರಿಸಿದರೆ ಸರ್ರನೆ ಜಾರಿಕೊಂಡು ಬರುತ್ತದೆ. ಮೊದಲನೆಯದು ಅಂಟಿದರೆ ಬೇಜಾರು ಬೇಡ, ಕೆರೆದು ತೆಗೆದು, ಈರುಳ್ಳಿ ಉಜ್ಜಿ ಎರಡನೆಯದು ಹುಯ್ಯಿರಿ.

ಇಂಥ ಕಾವಲಿಯ ದೋಸೆಗೆ ತಟ್ಟೆಯ ಸಿಂಗಾರ ಬೇಕಿಲ್ಲ. ಒಲೆಯ ಪಕ್ಕದಲ್ಲೇ ನಿಂತು, ಬಿಸಿಬಿಸಿಯಾಗಿ, ಒಂದು ಚೂರು ಬೆಣ್ಣೆ ಕರಗುತ್ತಿರುವಾಗಲೇ ಚಟ್ನಿಪುಡಿಗೆ ಅದ್ದಿ ತಿನ್ನಿ. ಮಕ್ಕಳಿದ್ದರೆ ಬೆಲ್ಲ, ತುಪ್ಪ ಕೊಡಿ. ದಪ್ಪ ಕಬ್ಬಿಣ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ತಣ್ಣನೆ ಹಿಟ್ಟು ಬಿದ್ದರೂ ಅದು ಬೇಗ ಆರುವುದಿಲ್ಲ. ಆದ್ದರಿಂದಲೇ ತಳ ಗರಿಗರಿ, ಮೇಲೆ ಮೆತ್ತಗೆ. ತೆಳ್ಳನೆ ನಾನ್‌ಸ್ಟಿಕ್‌ನಲ್ಲಿ ಇದು ಸಿಗದು. ಅದರ ಲೇಪನ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುವುದರಿಂದ ಬರಿದೇ ಚೆನ್ನಾಗಿ ಕಾಯಿಸುವಂತೆಯೂ ಇಲ್ಲ.

ದಿನನಿತ್ಯದ ಜೋಪಾನ

ದೋಸೆ ಕಾವಲಿಯನ್ನು ದೋಸೆಗೇ ಮೀಸಲಿಡಿ. ಚಪಾತಿ, ರೊಟ್ಟಿ ಸುಟ್ಟರೆ ಎಣ್ಣೆಯಿಲ್ಲದ ಒಣ ಉರಿಗೆ, ಉದುರಿದ ಹಿಟ್ಟು ಕರಕಲಾಗುವುದಕ್ಕೆ ಆ ಪದರ ಹಾಳಾಗುತ್ತದೆ. ಟೊಮೆಟೊ, ಹುಣಸೆಯ ಗೊಜ್ಜು ಕುದಿಸುವುದೂ ಬೇಡ, ತುಕ್ಕು ತೆಗೆಯಲು ನಾವು ಬಳಸಿದ್ದೇ ಹುಳಿಯನ್ನಲ್ಲವೇ?

ಕೆಲಸ ಮುಗಿದ ಮೇಲೆ ಕಾವಲಿ ಬೆಚ್ಚಗಿರುವಾಗಲೇ ಬಿಸಿನೀರಲ್ಲಿ ನಾರಿನಿಂದ ತೊಳೆಯಿರಿ. ಜಿಡ್ಡು ಹೆಚ್ಚಾಗಿದ್ದರೆ ಒಂದು ತೊಟ್ಟು ಪಾತ್ರೆಯ ಸೋಪಿನಿಂದ ಪದರಕ್ಕೇನೂ ಆಗದು. ಆಗುವುದು ಸಿಂಕಿನಲ್ಲಿ ನೆನೆಹಾಕಿ ಬಿಡುವುದರಿಂದ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಮೊದಲೇ ಹೇಳಿಡಿ, ಸ್ಟೀಲ್ ಸ್ಕ್ರಬ್ಬರ್ ಹಾಕಿ ಬೆಳ್ಳಗೆ ಉಜ್ಜಿಟ್ಟರೆ ಭಾನುವಾರದ ಕೆಲಸವೆಲ್ಲ ನೀರುಪಾಲು. ತೊಳೆದ ಮೇಲೆ ಒಲೆಯ ಮೇಲಿಟ್ಟು ತೇವ ಆರಿಸಿ, ಒಂದು ಹನಿ ಎಣ್ಣೆ ಸವರಿ ಒರೆಸಿ, ಗೋಡೆಯ ಮೊಳೆಗೆ ತೂಗುಹಾಕಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಊರಿಗೆ ಹೋಗುವುದಿದ್ದರೆ ಎಣ್ಣೆ ಸವರಿದ ಕಾವಲಿಯನ್ನು ಎರಡು ಸುತ್ತು ಹಳೇ ಪೇಪರಿನಲ್ಲಿ ಸುತ್ತಿಡಿ, ಥಂಡಿಯನ್ನು ಪೇಪರು ಹೀರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಬಂದ ಮೇಲೆ ಎಣ್ಣೆ ಕಮಟು ವಾಸನೆ ಹೊಡೆಯುತ್ತಿದ್ದರೆ ಬಿಸಿನೀರು, ಸೋಪಿನಲ್ಲಿ ತೊಳೆದು, ಕಾಯಿಸಿ, ಈರುಳ್ಳಿ ಉಜ್ಜಿಕೊಂಡೇ ಹಿಟ್ಟು ಹುಯ್ಯಿರಿ.